ಏಡಿಗಂತಿಯ ರೋಗಿಯೂ ಹೃದಯದ ಕವಾಟವೂ

ಏಡಿಗಂತಿ, ಎಂದರೆ ಕ್ಯಾನ್ಸರ್, ಬಲಿತ ರೋಗಿಗೆ ಒಂದು ದಿನ ಇದ್ದಕ್ಕಿದ್ದಂತೆ ಮಾತು ತೊದಲುತ್ತದೆ. ಒಂದು ಕೈ ಸ್ವಾಧೀನ ತಪ್ಪುತ್ತದೆ. ‘ವ್ಯಾಧಿ ಮಿದುಳಿಗೂ ಹರಡಿತು, ಇನ್ನೇನೂ ಮಾಡುವಂತಿಲ್ಲ’ ಎಂದು ಬಂಧುಗಳು ಕೈಚೆಲ್ಲುತ್ತಾರೆ. ಈ ತೀರ್ಮಾನ ಅವಸರದ್ದೆಂಬುದು ನನ್ನ ಅಭಿಪ್ರಾಯ. ಕೇಡಿನ ಮೂಲ ಹೃದಯದಲ್ಲಿಯೂ ಇರಬಹುದು.

ಮೇದೋಜೀರಕಾಂಗ, ಶ್ವಾಸಕೋಶ, ಜಠರ, ಅಂಡಾಶಯ ಮೊದಲಾದುವುಗಳ ಏಡಿಗಂತಿಯಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಆಗ ಕೆಲವರಲ್ಲಿ ಹೃದಯದ ಎಡಭಾಗದ ಕವಾಟಗಳ ಮೇಲೆ, ಪ್ಲೇಟ್‌ಲೆಟ್ ಎಂಬ ರಕ್ತಕಣಗಳೂ ಫೈಬ್ರಿನ್ ಎಂಬ ನಾರೂ ಸೇರಿ, ನರಹುಲಿಯಂಥ ಗಂಟುಗಳು ಬೆಳೆಯುತ್ತವೆ. ಇವುಗಳಲ್ಲಿ ಬ್ಯಾಕ್ಟೀರಿಯಗಳಿರುವುದಿಲ್ಲ, ಉರಿಯೂತವೂ ಅತ್ಯಲ್ಪ. ಕವಾಟದ ಮೇಲೆ ಅವುಗಳ ಹಿಡಿತ ಸಡಿಲವಾದುದರಿಂದ ಸುಲಭವಾಗಿ ಕಳಚಿಕೊಂಡು, ಮಿದುಳು, ಮೂತ್ರಪಿಂಡ, ಗುಲ್ಮಗಳ ಧಮನಿಗಳನ್ನು ಮುಚ್ಚುತ್ತವೆ. ಸ್ಟೆತೊಸ್ಕೋಪಿಗೆ ಅನೇಕ ವೇಳೆ ಯಾವ ಅಪಸ್ವರವೂ ಕೇಳಿಸದು.

ಏಡಿಗಂತಿಗೂ ರಕ್ತದ ಹೆಪ್ಪಿಗೂ ಇರುವ ನಂಟನ್ನು ಪ್ಯಾರಿಸಿನ ವೈದ್ಯ ಆರ್ಮಾಂ ತ್ರೂಸೋ 1865ರಲ್ಲಿ ವಿವರಿಸಿದರು. 1867ರಲ್ಲಿ ತಮ್ಮ ದೇಹದಲ್ಲಿಯೇ ಅಂಥ ಹೆಪ್ಪನ್ನು ಕಂಡು, ತಮಗಿರುವ ವ್ಯಾಧಿ ಯಾವುದೆಂದು ಅರಿತರು. ಅದೇ ವರ್ಷ ಜೀರ್ಣಾಂಗದ ಏಡಿಗಂತಿಯಿಂದ ತೀರಿಕೊಂಡರು. ಕವಾಟದ ಈ ವಿಕಾರಕ್ಕೆ ‘ಬ್ಯಾಕ್ಟೀರಿಯರಹಿತ’ ಎಂಬ ವಿಶೇಷಣವುಳ್ಳ ಹೆಸರನ್ನು 1936ರಲ್ಲಿ ಗ್ರಾಸ್ ಮತ್ತು ಫ್ರೀಡ್‌ಬರ್ಗ್ ಕೊಟ್ಟರು. ಬಹುಕಾಲ ಇದು ಶವಪರೀಕ್ಷೆಯಲ್ಲಿ ಮಾತ್ರ ಗೋಚರಿಸುತ್ತಿತ್ತು. ಇಂದು ಎಕೊಕಾರ್ಡಿಯೋಗ್ರಾಮ್ ಎಂಬ ಶಬ್ದಾತೀತ ತರಂಗಗಳ ಚಿತ್ರ ಬದುಕಿರುವವರಲ್ಲಿಯೇ ಇದನ್ನು ತೋರಿಸಬಲ್ಲುದು. ಮಿದುಳಿನ ಚಿತ್ರವೂ ರಕ್ತದ ಬ್ಯಾಕ್ಟೀರಿಯ ಪರೀಕ್ಷೆಯೂ ಅದಕ್ಕೆ ನೆರವಾಗುತ್ತವೆ.

‘ಸಾಯುವವರನ್ನು ಪರೀಕ್ಷೆಗಳಿಂದ ಏಕೆ ಪೀಡಿಸಬೇಕು?’ ಎಂದು ಕೇಳುವವರುಂಟು. ಆಕ್ಷೇಪ ಹುರುಳಿಲ್ಲದ್ದಲ್ಲ. ಗಂಟುಗಳು ಸ್ಪಷ್ಟವಾಗಿ ಕಾಣಬೇಕಾದರೆ ಕೆಲವೊಮ್ಮೆ ಅನ್ನನಾಳದೊಳಕ್ಕೆ ನಳಿಕೆ ಇಳಿಸಬೇಕಾಗುತ್ತದೆ. ನಿತ್ರಾಣನಾದ ರೋಗಿಗೆ ಅದು ಕಷ್ಟ. ಆದರೆ ಮಿದುಳಿಗೆ ಹರಡಿದ ಗಂತಿಗೆ ಮಾಡುವ ಚಿಕಿತ್ಸೆಯೇ ಬೇರೆ, ಹೆಪ್ಪಿಗೆ ಮಾಡುವುದೇ ಬೇರೆ. ಹೊಸ ಹೆಪ್ಪುಗಳನ್ನು ತಡೆಯಲು ಹೆಪಾರಿನ್ ಚುಚ್ಚುಮದ್ದು ಉಂಟು. ಅದರಿಂದ ರಕ್ತಸ್ರಾವದ ಅಪಾಯವೂ ಉಂಟು. ಮೂಲವ್ಯಾಧಿಯನ್ನು ಅದು ಗುಣಪಡಿಸದು. ಆದರೂ ಮತ್ತೊಂದು ಆಘಾತ ತಪ್ಪಿದರೆ, ಉಳಿದ ಕೆಲವು ತಿಂಗಳು ಮಕ್ಕಳೊಡನೆ ಮಾತನಾಡುವ ಶಕ್ತಿ ಉಳಿದೀತು. ಅದು ಅಲ್ಪವೆ?

ಚಿಕಿತ್ಸೆ ಬೇಡವೆನ್ನುವ ಹಕ್ಕು ರೋಗಿಗಿದೆ. ಆದರೆ ಬೇಡವೆನ್ನುವುದಕ್ಕೂ ಕಾರಣ ತಿಳಿದಿರಬೇಕು. ಮುಂದೆ ವೈದ್ಯರಾಗಲಿರುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು: ಗುಣವಾಗದ ರೋಗಿಯ ವಿಷಯದಲ್ಲಿಯೂ ‘ಏಕೆ ಹೀಗಾಯಿತು?’ ಎಂಬ ಪ್ರಶ್ನೆಯನ್ನು ಕೈಬಿಡಲಾಗದು.