ಮುಳುಗಿದ ಊರಿಗೂ ಒಂದು ಕಲ್ಲು ನಿಲ್ಲಿಸಿ

ಕಿತ್ತೂರು ಕೋಟೆಯ ಮುರಿದ ಗೋಡೆ ಮುಂದೆ ನಾವೆಲ್ಲ ಸೆಲ್ಫಿ ತೆಗೆದುಕೊಳ್ಳುತ್ತೇವೆ. 1824ರ ಅಕ್ಟೋಬರ್ 23ರ ಗೆಲುವಿಗೆ ಪ್ರತಿವರ್ಷ ಉತ್ಸವ. ಆಗಲಿ, ಆಗಲೇಬೇಕು. ಆ ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಜೀವ ಬಿಟ್ಟವರು.

ಆದರೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹೊಲ-ಮನಿ ಬಿಟ್ಟು ಎದ್ದವರ ಊರುಗಳು? ಅವೂ ಹಾಳೂರುಗಳೇ. ಕಿತ್ತೂರನ್ನು ಹಾಳುಮಾಡಿದ್ದು ಕಂಪನಿಯವರು. ಇವನ್ನು ಮುಳುಗಿಸಿದ್ದು ನಮ್ಮದೇ ಸರ್ಕಾರ. ಆ ನೀರನ್ನೇ ಇವತ್ತು ಹುಬ್ಬಳ್ಳಿ-ಧಾರವಾಡ ಕುಡಿಯುತ್ತದೆ, ನವಲಗುಂದ-ನರಗುಂದದ ಹೊಲಗಳು ನೆಚ್ಚಿಕೊಂಡಿವೆ.

ಉತ್ಸವಕ್ಕೆ ವೇದಿಕೆ ಹಾಕುವವರೇ, ರೇಣುಕಾಸಾಗರದ ದಂಡೆಯಲ್ಲಿ ಮುಳುಗಿದ ಪ್ರತಿ ಊರಿನ ಹೆಸರನ್ನೂ ಕಲ್ಲಿನಲ್ಲಿ ಕೊರೆಸಿ. ಓದುಗರೇ, ನಿಮ್ಮ ಅಜ್ಜ-ಆಯಿ ಬಿಟ್ಟು ಬಂದ ಊರಿನ ಹೆಸರು ನಮಗೆ ಬರೆದು ಕಳಿಸಿ. ಪಟ್ಟಿಯನ್ನು ನಾವೇ ಒಯ್ದು ಕೊಡುತ್ತೇವೆ.