ರುಚಿಗಿಲ್ಲದ ಮೈಲಿಗೆ

ಲಂಡನ್ನಿನ ಪೂರ್ವಕ್ಕೆ ಬ್ರಿಕ್ ಲೇನ್ ಅಂತ ಒಂದು ಬೀದಿ. ಒಂದು ಕಾಲಕ್ಕೆ ಇಟ್ಟಿಗೆ ಸುಡುತ್ತಿದ್ದ ಜಾಗ. ಈಗ ಅಲ್ಲಿ ಸುಡುವುದು ಪ್ರವಾಸಿಗರ ನಾಲಿಗೆ ಮಾತ್ರ. ಹತ್ತು ಹನ್ನೆರಡು ಜನರ ಗುಂಪು, ಮುಂದೊಬ್ಬ ಗೈಡು, ಮೂರು ಗಂಟೆ ನಡಿಗೆ. ಇಲ್ಲೊಂದು ತುಂಡು ಹುರಿದ ಮೀನು, ಅಲ್ಲೊಂದು ಸೌಟು ಬಂಗಾಳಿ ಕರಿ, ಇನ್ನೊಂದು ಅಂಗಡಿಯಲ್ಲಿ ಯಹೂದಿಗಳ ಬೈಗಲ್ ರೊಟ್ಟಿ. ಇದಕ್ಕೆ ‘ಫುಡ್ ಟೂರ್’ ಅಂತಾರೆ. ವಲಸೆ ಬಂದವರ ಕೇರಿಯನ್ನು ತಿಂದು ನೋಡುವ ನಡಿಗೆ.

ತಿನ್ನುವುದು ತಪ್ಪಲ್ಲ. ಹಸಿದವರ ಮಕ್ಕಳಾದ ನಾವು ಅನ್ನವನ್ನು ಹಳಿಯುವವರಲ್ಲ. ನನ್ನ ತಕರಾರು ಒಂದೇ. ಕೇರಿಯ ರುಚಿ ಬೇಕು, ಕೇರಿಯ ಮನುಷ್ಯ ಬೇಡ ಅನ್ನುವ ನಾಲಿಗೆ ಇದೆಯಲ್ಲ, ಅದು ನಮಗೆ ಹೊಸದಲ್ಲ. ಅದರ ಗುರುತು ನಮಗೆ ಚೆನ್ನಾಗಿ ಇದೆ.

ಈ ಬೀದಿಯ ಮೂಲೆಯಲ್ಲಿ ಒಂದು ಕಟ್ಟಡ ಇದೆ. 1743ರಲ್ಲಿ ಅದನ್ನು ಕಟ್ಟಿದವರು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು. 1685ರಲ್ಲಿ ಅಲ್ಲಿನ ದೊರೆ ಅವರ ಧರ್ಮಕ್ಕಿದ್ದ ರಕ್ಷಣೆಯನ್ನು ಕಿತ್ತುಕೊಂಡ ಮೇಲೆ, ಮಗ್ಗದ ಕಸುಬು ನಂಬಿ ಇಲ್ಲಿಗೆ ಬಂದು ರೇಷ್ಮೆ ನೇಯ್ದವರು. ಅವರ ಚರ್ಚು ಮುಂದೆ ಮೆಥಾಡಿಸ್ಟರ ಪಾಲಾಯಿತು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಮಸೀದಿಯಾಯಿತು. ಗೈಡು ಈ ಕಟ್ಟಡದ ಮುಂದೆ ನಿಂತು, ನೋಡಿ, ಎಲ್ಲರೂ ಬಂದರು, ಎಲ್ಲರಿಗೂ ಜಾಗ ಸಿಕ್ಕಿತು ಎಂಬಂತೆ ಕಥೆ ಹೇಳುತ್ತಾನೆ.

ಜಾಗ ಸಿಕ್ಕಿತೇ? ಯಾರು ಕೊಟ್ಟರು ಸ್ವಾಮೀ?

1881ರ ನಂತರ ರಷ್ಯಾದಲ್ಲಿ ಯಹೂದಿಗಳ ಮನೆಗಳಿಗೆ ಬೆಂಕಿ ಬಿತ್ತು. ಓಡಿಬಂದವರು ಈ ಬೀದಿಗಳ ಕತ್ತಲೆ ಕೋಣೆಗಳಲ್ಲಿ ಹಗಲಿರುಳು ಬಟ್ಟೆ ಹೊಲಿದರು. ಅಂಥವರು ಇನ್ನು ಬರಬಾರದೆಂದೇ 1905ರಲ್ಲಿ ಪರದೇಶಿಗಳ ಕಾಯ್ದೆ ಬಂತು. 1936ರ ಅಕ್ಟೋಬರ್ 4ರಂದು ಮೋಸ್ಲಿಯ ಕರಿಯಂಗಿ ಫ್ಯಾಸಿಸ್ಟರು ಇದೇ ಕೇರಿಗಳ ಮೇಲೆ ಮೆರವಣಿಗೆ ಹೊರಟರು. ಯಹೂದಿಗಳು, ಐರಿಷ್ ಹಮಾಲಿಗಳು, ಕಮ್ಯುನಿಸ್ಟರು ಕೇಬಲ್ ಸ್ಟ್ರೀಟಿಗೆ ಅಡ್ಡಗಟ್ಟೆ ಹಾಕಿ ನಿಂತರು. ಪೊಲೀಸರ ಲಾಠಿ ತಿಂದರು, ಮೆರವಣಿಗೆಯನ್ನು ಬಿಡಲಿಲ್ಲ. ಜಾಗ ಸಿಕ್ಕಿದ್ದು ಹೀಗೆ.

ಬಂಗಾಳಿಗಳ ಕಥೆಯೂ ಬೇರೆಯಲ್ಲ. ಬ್ರಿಟಿಷರ ಹಡಗುಗಳ ಹೊಟ್ಟೆಯಲ್ಲಿ ಕಲ್ಲಿದ್ದಲು ಎರಚುತ್ತಿದ್ದ ಸಿಲ್ಹೆಟ್ಟಿನ ಬಡವರು ಲಂಡನ್ ಬಂದರಿನಲ್ಲಿ ಇಳಿದು ಉಳಿದುಕೊಂಡರು. ಅವರ ಹಿಂದೆ ಮಕ್ಕಳು ಬಂದರು, ನೆಂಟರು ಬಂದರು. ಯಹೂದಿಗಳು ಬಿಟ್ಟ ಹೊಲಿಗೆ ಯಂತ್ರದ ಮುಂದೆ ಇವರು ಕೂತರು. ಬಾಡಿಗೆಗೆ ಮನೆ ಕೊಡುವವರಿಲ್ಲದೆ ಪಾಳುಬಿದ್ದ ಕಟ್ಟಡಗಳಿಗೆ ನುಗ್ಗಿ ಸಂಸಾರ ಹೂಡಿದರು. 1976ರಲ್ಲಿ ವಸತಿಗಾಗಿ ಒಂದು ಸಂಘವನ್ನೇ ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಭಾಗ್’ ಆಗುತ್ತದೆ. ಬಂಗಾಳಿ ಕಿವಿಗೆ ಅದು ಹುಲಿ.

1978ರ ಮೇ 4ರ ಸಂಜೆ ಅಲ್ತಾಬ್ ಅಲಿ ಎಂಬ ಹುಡುಗ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ. ವಯಸ್ಸು ಇಪ್ಪತ್ತೈದರ ಆಸುಪಾಸು. ಮೂವರು ಹದಿಹರೆಯದ ಹುಡುಗರು ಅವನನ್ನು ಚೂರಿಯಿಂದ ಇರಿದು ಕೊಂದರು. ಅವನ ಪರಿಚಯ ಅವರಿಗೆ ಇರಲಿಲ್ಲ. ಅವನ ಚರ್ಮದ ಬಣ್ಣ ಕಂಡಿತು, ಅಷ್ಟು ಸಾಕಾಗಿತ್ತು. ಹತ್ತು ದಿನ ಕಳೆದು ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಬ್ರಿಕ್ ಲೇನಿನಿಂದ ಪ್ರಧಾನಿಯ ಮನೆಬಾಗಿಲ ತನಕ ನಡೆದರು. ಅವನು ಬಿದ್ದ ಜಾಗದ ಹತ್ತಿರದ ಪಾರ್ಕಿಗೆ 1998ರಲ್ಲಿ ಅವನ ಹೆಸರಿಟ್ಟರು.

ಬ್ರಿಕ್ ಲೇನಿನಲ್ಲಿ ನಡಿಗೆ ಅಂದರೆ ಅದು. ಈ ಮೂರು ಗಂಟೆಯ ನಡಿಗೆ ಆ ನಡಿಗೆಯ ನೆರಳಾದರೂ ಹೌದೇ?

‘ಅಲ್ಲಪ್ಪಾ, ನಾಲ್ಕು ಜನ ಬಂದು ತಿಂದರೆ ಅಂಗಡಿಯವನಿಗೂ ನಾಲ್ಕು ಕಾಸು ತಾನೇ? ಪ್ರೀತಿ ಹುಟ್ಟೋದೂ ಹೊಟ್ಟೆಯಿಂದಲೇ ತಾನೇ?’ ಅಂತ ಕೇಳುವವರಿದ್ದಾರೆ. ಲೆಕ್ಕ ನೋಡೋಣ. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್, ಚಿಕನ್ ಟಿಕ್ಕಾ ಮಸಾಲವೇ ನಮ್ಮ ನಿಜವಾದ ರಾಷ್ಟ್ರೀಯ ಖಾದ್ಯ ಅಂತ ಭಾಷಣ ಮಾಡಿದರು. ಪ್ರೀತಿ ಅಷ್ಟು ದೂರ ಹೋಗಿತ್ತು. ಆ ದಶಕದ ನಡುವಿನಲ್ಲಿ ಬ್ರಿಕ್ ಲೇನಿನಲ್ಲಿ ಬಂಗಾಳಿಗಳ ಕರಿ ಹೋಟೆಲುಗಳು 60 ಇದ್ದವು. 2020ರ ಆರಂಭಕ್ಕೆ ಉಳಿದದ್ದು 23. ಬಾಡಿಗೆ ಏರಿತು, ತೆರಿಗೆ ಏರಿತು, ಊರಿನಿಂದ ಅಡುಗೆಯವರನ್ನು ಕರೆಸಿಕೊಳ್ಳಲು ವೀಸಾ ಕಾನೂನು ಬಿಗಿಯಾಯಿತು. ಖಾದ್ಯ ರಾಷ್ಟ್ರೀಯ, ಬೇಯಿಸುವವನು ಪರದೇಶಿ! ಅಲ್ಲಿನ ಹಳೆಯ ಟ್ರೂಮನ್ ಬ್ರೂವರಿಯ ಜಾಗದಲ್ಲಿ ಅಂಗಡಿ ಮಳಿಗೆ, ಆಫೀಸು ಎಬ್ಬಿಸುವ ಯೋಜನೆಗೆ 7,000ಕ್ಕೂ ಹೆಚ್ಚು ತಕರಾರು ಅರ್ಜಿ ಬಿದ್ದವು. ಆದರೂ 2021ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅಂದು ಚೂರಿ ಹಿಡಿದವರಿಂದ ಆಗದ ಕೆಲಸವನ್ನು ಇಂದು ಬಾಡಿಗೆ ಕರಾರು ಸದ್ದಿಲ್ಲದೆ ಮಾಡುತ್ತಿದೆ. ‘ವಲಸೆಗಾರರ ರುಚಿ’ ಅಂತ ಬೀದಿಗೆ ಬೆಲೆ ಏರಿದಷ್ಟೂ ವಲಸೆಗಾರನಿಗೆ ಬೀದಿ ಕೈಗೆಟುಕುವುದಿಲ್ಲ.

ಒಳಗಿನವರನ್ನೂ ಬಿಡಬಾರದು. ಹೋಟೆಲಿನ ಹಿಂಬಾಗಿಲಲ್ಲಿ ತನ್ನ ಊರಿನ ಹುಡುಗನನ್ನೇ ಪುಡಿಗಾಸಿಗೆ ದುಡಿಸಿಕೊಂಡ ಮಾಲೀಕನೂ ಇದ್ದಾನೆ. ಪಾತ್ರೆ ತೊಳೆಯುವ ಆ ಹುಡುಗನ ಮುಖ ಯಾವ ಫುಡ್ ಟೂರಿನ ಫೋಟೋದಲ್ಲಿ ಬಂದಿದೆ?

ಇನ್ನು ನಮ್ಮವರ ವಿಷಯ. 2015ರಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. ಲಂಡನ್ನಿಗೆ ಹೋದ ಕನ್ನಡಿಗರು ಅದರ ಮುಂದೆ ಫೋಟೋ ತೆಗೆಸಿಕೊಂಡು ಬ್ರಿಕ್ ಲೇನಿಗೂ ಹೋಗಿಬರುತ್ತಾರೆ. ಹಾಗೆ ಹೋಗಿಬಂದ ಬೆಂಗಳೂರಿನ ಒಬ್ಬರು ನನಗೆ ಬೈಗಲ್ಲಿನ ಗುಣಗಾನ ಮಾಡಿದರು. ಒಳಗೆ ದಪ್ಪ ದಪ್ಪ ಮಾಂಸ, ಮೇಲೆ ಸಾಸಿವೆ, ಉಪ್ಪಿನಕಾಯಿ. ‘ಏನ್ ರುಚಿ ಅಂತೀರಿ! ಅದು ಅವರ ಪರಂಪರೆ ಕಣ್ರೀ’ ಅಂದರು. ಆ ಬೈಗಲ್ಲಿನ ಒಳಗಿರುವುದು ಉಪ್ಪಿನಲ್ಲಿ ನೆನೆಹಾಕಿದ ದನದ ಬಾಡು. ಬಡವರು ಬಾಡನ್ನು ಕೆಡದಂತೆ ಉಳಿಸಿಕೊಂಡ ಉಪಾಯ. ನನ್ನ ಅವ್ವನೂ ಅದನ್ನೇ ಮಾಡುತ್ತಿದ್ದಳು. ಉಪ್ಪು, ಅರಿಶಿನ ಸವರಿ ಹಗ್ಗದ ಮೇಲೆ ಒಣಹಾಕುತ್ತಿದ್ದಳು. ಊರಿನವರು ಆ ಹಗ್ಗ ನೋಡಿ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಅದಕ್ಕೆ ಯಾರೂ ಪರಂಪರೆ ಅನ್ನಲಿಲ್ಲ.

ಇದೇ ಮಹನೀಯರ ಮನೆಗೆ ಕೆಲ ವರ್ಷಗಳ ಹಿಂದೆ ನಾನು ಬಾಡಿಗೆ ಕೇಳಲು ಹೋಗಿದ್ದೆ. ‘ನೀವು ಯಾವ ಪೈಕಿ? ಮನೇಲಿ ಏನೇನು ಮಾಡ್ತೀರಿ?’ ಅಂದರು. ಹೇಳಿದೆ. ‘ನಮ್ಮದೇನೂ ಅಭ್ಯಂತರ ಇಲ್ಲಪ್ಪಾ, ಮೇಲಿನ ಮನೆಯೋರು ಒಪ್ಪಲ್ಲ’ ಅಂದರು. 2021ರಲ್ಲಿ ಗೋಹತ್ಯೆ ತಡೆ ಕಾಯ್ದೆ ಜಾರಿಗೆ ಬಂದಾಗ ಸಿಹಿ ಹಂಚಿದವರ ಸಾಲಿನಲ್ಲೂ ಅವರಿದ್ದರು. ಲಂಡನ್ನಿನಲ್ಲಿ ತಿಂದರೆ ಪರಂಪರೆ, ನನ್ನವ್ವ ಉಂಡರೆ ಮೈಲಿಗೆ.

ಸಹಭೋಜನದಿಂದಲೇ ಜಾತಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಎಚ್ಚರಿಸಿದ್ದು ಕೇಬಲ್ ಸ್ಟ್ರೀಟಿನ ಅದೇ 1936ರಲ್ಲಿ. ನಮ್ಮ ಕಲ್ಯಾಣದ ಕಥೆಯೂ ಅದನ್ನೇ ಹೇಳುತ್ತದೆ. ದಾಸೋಹದ ಪಂಕ್ತಿಯನ್ನು ಸಹಿಸಿಕೊಂಡ ಕಲ್ಯಾಣ, ಹರಳಯ್ಯ ಮಧುವರಸರು ಬೀಗರಾದ ದಿನ ಅವರನ್ನು ಎಳೆಹೂಟೆಗೆ ಕಟ್ಟಿತು. ಕೂಡಿ ಉಂಡರೂ ಅಲುಗಾಡದ ಸಿಂಹಾಸನ, ಕೂಡಿ ಬಾಳಲು ಹೊರಟಾಗ ನಡುಗಿತು. ಆ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಳ್ಳುವವರು ಇದನ್ನಾದರೂ ನೆನೆಯಬೇಡವೇ?

ಫುಡ್ ಟೂರ್ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಹೋಗಿ, ತಿನ್ನಿ. ಆದರೆ ಮೊದಲು ಅಲ್ತಾಬ್ ಅಲಿಯ ಪಾರ್ಕಿನಲ್ಲಿ ಐದು ನಿಮಿಷ ನಿಂತುಕೊಳ್ಳಿ. ಕಟ್ಟಿದ ದುಡ್ಡಿನಲ್ಲಿ ಒಲೆಯ ಮುಂದೆ ನಿಂತವನಿಗೆ ಎಷ್ಟು ಹೋಗುತ್ತದೆ ಅಂತ ಗೈಡನ್ನು ಕೇಳಿ. ಈ ಹೋಟೆಲು ಬರುವ ವರ್ಷ ಇರುತ್ತದಾ ಅಂತ ಕೇಳಿ. ಆಮೇಲೆ ಬೆಂಗಳೂರಿಗೆ ಬನ್ನಿ. ಬಾಡಿಗೆ ಕೇಳಿ ಬಂದವನ ಹತ್ತಿರ ‘ಯಾವ ಪೈಕಿ’ ಅನ್ನದೆ ಬೀಗದ ಕೈ ಕೊಡಿ. ಅಷ್ಟು ಮಾಡಿದ ದಿನ ನನ್ನ ಮನೆಗೂ ಬನ್ನಿ. ಅವ್ವ ಒಣಹಾಕಿದ ಬಾಡು ಇದ್ದರೆ ಸಾರು ಕಾಸುತ್ತೇವೆ. ಟಿಕೇಟು ಬೇಡ.