ಮುಖಕ್ಕೆ ಬಿದ್ದ ಏಟು, ಕಣ್ಣಿಗೆ ಕಟ್ಟಿದ ಬೆಲೆ



ಟನ್ ಕಬ್ಬಿಗೆ ಎಷ್ಟು ಅಂತ ಕೇಳಿದರೆ ಮುಧೋಳ, ಜಮಖಂಡಿ ಕಡೆ ಸಣ್ಣ ಹುಡುಗನೂ ಹೇಳ್ತಾನ. ನಿಮ್ಮ ಒಂದು ಕಣ್ಣಿಗೆ ಎಷ್ಟು? ಸರಕಾರ ಅದನ್ನೂ ಬರೆದಿಟ್ಟಿದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಒಂದು ಕಣ್ಣಿನ ದೃಷ್ಟಿ ಪೂರಾ ಹೋದರೆ 1 ಲಕ್ಷ ರೂಪಾಯಿ, ಎರಡೂ ಹೋದರೆ 2 ಲಕ್ಷ. ವರ್ಷದ ಕಂತು 20 ರೂಪಾಯಿ. 18ರಿಂದ 70 ವಯಸ್ಸಿನ ಖಾತೆದಾರರು ಸೇರಬಹುದು. ನಿಮ್ಮ ಕಂತು ಕಡಿತವಾಗಿದೆಯೋ ಇಲ್ಲವೋ, ಪಾಸ್‌ಬುಕ್ ತೆಗೆದು ನೋಡ್ರಿ.

ಆದರೆ ಆ ‘ಪೂರಾ’ ಎಂಬ ಶಬ್ದದಲ್ಲೇ ಮೋಸವಿದೆ. ಎತ್ತು ಕೋಡು ಬೀಸಿದರೆ, ಬನಹಟ್ಟಿಯಲ್ಲಾದರೆ ಮಗ್ಗದ ಲಾಳಿ ಹಾರಿ ಬಡಿದರೆ, ಕಣ್ಣು ಅಂದೇ ಹೋಗಬೇಕೆಂದಿಲ್ಲ. ಬಾವು ಇಳಿದ ಕೂಡಲೇ ‘ಆರಾಮಾತು’ ಎಂದು ಹೊಲಕ್ಕೆ ಹೊರಡುತ್ತೀರಿ. ಕಣ್ಣಿನ ಕೆಳಗಿನ ಎಲುಬು ಬಹಳ ತೆಳು. ಅದು ಮುರಿದು, ಕಣ್ಣು ಹೊರಳಿಸುವ ಸ್ನಾಯು ಬಿರುಕಿನಲ್ಲಿ ಸಿಕ್ಕರೆ ಒಂದು ಎತ್ತು ಎರಡಾಗಿ ಕಾಣುತ್ತದೆ; ಗಲ್ಲ ಜೋಮು ಹಿಡಿಯುತ್ತದೆ. ಆಗ ಮೂಗು ಜೋರಾಗಿ ಸೀಟಬಾರದು, ಗಾಳಿ ಕಣ್ಣಿನ ಗುಳಿಗೆ ನುಗ್ಗುತ್ತದೆ. ಮಕ್ಕಳಲ್ಲಿ ಹೊರಗೆ ಬಾವೇ ಕಾಣದೆ ಬರೇ ವಾಂತಿ ಆಗಬಹುದು. ಸ್ನಾಯು ಸಿಕ್ಕಿದ್ದರೆ ಒಂದೆರಡು ದಿನದಲ್ಲೇ ಆಪರೇಷನ್ ಆಗಬೇಕು. ಕಣ್ಣಲ್ಲಿ ಮಿಂಚು ಹೊಡೆದರೆ, ಪರದೆ ಇಳಿದಂತಾದರೆ ಒಳಪೊರೆ ಹರಿದಿರಬಹುದು, ಅಂದೇ ಕಣ್ಣಿನ ಡಾಕ್ಟರನ್ನು ಕಾಣ್ರಿ. ಇನ್ನೂ ಕಳ್ಳ ರೋಗವೊಂದಿದೆ: ಪೆಟ್ಟು ಬಿದ್ದ ಕಣ್ಣಿನ ಒಳಒತ್ತಡ ವರ್ಷಗಳ ಮೇಲೆ ಏರಿ, ನೋವಿಲ್ಲದೆ ದೃಷ್ಟಿ ತಿನ್ನುತ್ತದೆ. ಅಷ್ಟೊತ್ತಿಗೆ ಯಾವ ಎತ್ತು, ಯಾವ ಕೋಡು ಅಂತ ಯಾರಿಗೆ ನೆನಪು?

(ಕಬ್ಬಿನ ಗರಿ ಗೀರಿದ ಕಣ್ಣಿಗೆ ಅಂಗಡಿಯವನು ಕೊಟ್ಟ ಸ್ಟಿರಾಯ್ಡ್ ಹನಿ ಹಾಕಬೇಡ್ರಿ. ಬೂಸ್ಟು ಹತ್ತಿದ್ದರೆ ಹುಣ್ಣು ಹೆಚ್ಚುತ್ತದೆ.)

ಎರಡೆರಡು ಕಾಣುವವನಿಗೆ, ಅರ್ಧ ಮಂಜಾದವನಿಗೆ ಆ ವಿಮೆಯಲ್ಲಿ ದಮ್ಮಡಿ ಇಲ್ಲ. 2016ರ ಅಂಗವಿಕಲರ ಕಾಯ್ದೆಯ ಸವಲತ್ತಿಗೆ ಶೇಕಡಾ 40 ಬೇಕು; ಒಂದು ಕಣ್ಣು ಪೂರಾ ಹೋಗಿ ಇನ್ನೊಂದು ನೆಟ್ಟಗಿದ್ದರೆ ಲೆಕ್ಕ ಶೇಕಡಾ 30ಕ್ಕೇ ನಿಲ್ಲುತ್ತದೆ. ಸ್ಕ್ಯಾನಿಂಗು, ಆಪರೇಷನ್ನು, ಕೆಲಸ ತಪ್ಪಿದ ತಿಂಗಳುಗಳು ಎಲ್ಲ ಸಾಲದ ಪುಸ್ತಕಕ್ಕೇ. ಸಾಲ ಕೊಟ್ಟವನು ಬಡ್ಡಿಯಲ್ಲಿ ಶೇಕಡಾ 30 ಬಿಡುತ್ತಾನೇನು?

ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಗಟ್ಟಲೆ ಜನರ ಪೊರೆ ತೆಗೆದರು. ಮುಪ್ಪಿನ ಪೊರೆ ಶಿಬಿರ ಬರುವ ತನಕ ಕಾದೀತು. ಏಟು ತಿಂದ ಕಣ್ಣು ಕಾಯುವುದಿಲ್ಲ. ಕಬ್ಬು ನುರಿಸುವ ತಿಂಗಳುಗಳಲ್ಲಿ ತಾಲೂಕು ಆಸ್ಪತ್ರೆಯಲ್ಲಿ ದಿನಾ ಕಣ್ಣಿನ ಡಾಕ್ಟರು ಕೂಡಬೇಕು. ಕಡಿಯುವ ಗ್ಯಾಂಗಿನವರ, ಕಬ್ಬು ಸಾಗಿಸುವವರ ಕಣ್ಣಿನ ಖರ್ಚು ಫ್ಯಾಕ್ಟರಿ ಹೊರಬೇಕು. ಬರುವ ಹಂಗಾಮಿನ ದರದ ಸಭೆಗೆ ಹೋದಾಗ ಟನ್ನಿನ ರೇಟಿನ ಜೋಡಿ ಇದನ್ನೂ ಬರೆದು ಕೊಡ್ರಿ.